ಘಾಟಿಯಲ್ಲಿ ಗಾಡಿ ಕೈಕೊಟ್ಟರೆ: ಆಗುಂಬೆ–ಬಾಳೆಬರೆ ಸುತ್ತಿಗೊಂದು ದೋಷ ನಿವಾರಣೆ ಕೈಪಿಡಿ

ತೀರ್ಥಹಳ್ಳಿಯಿಂದ ಆಗುಂಬೆ. ಅಲ್ಲಿಂದ ಹದಿನಾಲ್ಕು ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ, ಹೆಬ್ರಿ. ಕಾಡಂಚಿನ ರಸ್ತೆಯಲ್ಲೇ ಉತ್ತರಕ್ಕೆ ಹೋದರೆ ಕುಂದಾಪುರ ಕಡೆಯ ಸಿದ್ದಾಪುರ, ಹೊಸಂಗಡಿ. ಬಾಳೆಬರೆ ಘಾಟಿ ಹತ್ತಿದರೆ ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಮತ್ತೆ ತೀರ್ಥಹಳ್ಳಿ. ಒಂದು ದಿನದ ಸುತ್ತು ಇದು. ಬೆಳಿಗ್ಗೆ ಬ್ರೇಕಿಗೆ ಪರೀಕ್ಷೆ, ಮಧ್ಯಾಹ್ನ ಕ್ಲಚ್ಚಿಗೂ ರೇಡಿಯೇಟರಿಗೂ ಪರೀಕ್ಷೆ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ವರ್ಷಗಟ್ಟಲೆ ಬಚ್ಚಿಟ್ಟುಕೊಂಡ ದೋಷ ಇಲ್ಲಿ ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ.

ಘಾಟಿಯಲ್ಲಿ ಗಾಡಿ ನಿಂತಾಗ ದೋಷಕ್ಕಿಂತ ಹೆಚ್ಚು ಹಾನಿ ಮಾಡುವುದು ಗಡಿಬಿಡಿಯ ಉಪಚಾರ. ಕಾದ ಡಿಸ್ಕಿಗೆ ನೀರು ಸುರಿಯುವುದು, ಕುದಿಯುವ ರೇಡಿಯೇಟರಿನ ಮುಚ್ಚಳ ತಿರುಗಿಸುವುದು, ನೀರಲ್ಲಿ ನಿಂತ ಇಂಜಿನ್ನಿಗೆ ಮತ್ತೆ ಸೆಲ್ಫ್ ಹೊಡೆಯುವುದು ಎಲ್ಲ ಈ ಜಾತಿಯವೇ. ಹಾಗಾಗಿ ಪಾನಾ ಹಿಡಿಯುವ ಮೊದಲು ಪೆಡಲ್ ಹೇಗಿದೆ, ವಾಸನೆ ಯಾವುದು, ಟೆಂಪರೇಚರ್ ಮುಳ್ಳು ಎಲ್ಲಿದೆ ಅನ್ನುವ ಮೂರನ್ನು ನೋಡಿ.

ಇಳಿಯುವಾಗ ಬ್ರೇಕ್ ಹಿಡಿಯುತ್ತಿಲ್ಲ

ಮೊದಲು ಒಂದು ಲೆಕ್ಕ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಹೊರಬರುವ ಶಕ್ತಿ ಸುಮಾರು 25 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು. ಒಂದು ದೊಡ್ಡ ಬಕೆಟ್ ತುಂಬ ನೀರು ಅಂದುಕೊಳ್ಳಿ. ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲು ಇಂಜಿನ್ನಿಗೆ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಗಾಳಿಗೆ ಹೋದಷ್ಟು ಬಿಟ್ಟು ಉಳಿದದ್ದೆಲ್ಲ ನಾಲ್ಕು ಚಕ್ರಗಳ ಬ್ರೇಕಿನಲ್ಲೇ ಕರಗಬೇಕು.

ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೋ, ಇಂಜಿನ್ ಐಡಲ್ ತಿರುಗಲಿಕ್ಕಾದರೂ ಇಂಧನ ಕುಡಿಯುತ್ತಲೇ ಇರುತ್ತದೆ. ಅಪಾಯ ಬೇರೆ, ನಷ್ಟ ಬೇರೆ.

ಬ್ರೇಕ್ ಹಿಡಿಯದಿದ್ದಾಗ ಕಾಲಿಗೆ ಆಗುವ ಅನುಭವ ಮೂರು ಬಗೆ. ಮೂರಕ್ಕೂ ಕಾರಣ ಬೇರೆ, ಔಷಧಿಯೂ ಬೇರೆ.

*ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗಿಳಿಯುತ್ತದೆ.* ಬ್ರೇಕ್ ಆಯಿಲ್ ಕುದಿದಿದೆ. ಹೆಸರು ಆಯಿಲ್ ಆದರೂ ಇದು ಎಣ್ಣೆಯಲ್ಲ, ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗ್ಲೈಕಾಲ್ ದ್ರವ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದು, ಶೇ. 3.7ರಷ್ಟು ನೀರು ಸೇರಿತೆಂದರೆ ಆ ಮಿತಿ 140ಕ್ಕೆ ಬೀಳುತ್ತದೆ. ಡಾಟ್ 4ರಲ್ಲಿ ಇದೇ ಅಂಕಿಗಳು 230 ಮತ್ತು 155. ಕುದಿದಾಗ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ನೀವು ಒತ್ತಿದ್ದೆಲ್ಲ ಆ ಗುಳ್ಳೆಗೆ ಹೋಗುತ್ತದೆ, ಪ್ಯಾಡಿಗೆ ತಲುಪುವುದಿಲ್ಲ.

ಆ ಕ್ಷಣದಲ್ಲಿ ಮಾಡಬೇಕಾದ್ದು: ಪೆಡಲನ್ನು ಬೇಗಬೇಗ ನಾಲ್ಕೈದು ಸಲ ಪಂಪ್ ಮಾಡಿ, ಸ್ವಲ್ಪ ಒತ್ತಡ ಮರಳುತ್ತದೆ. ಜೊತೆಗೇ ಒಂದೊಂದೇ ಗೇರ್ ಇಳಿಸಿ. ನಾಲ್ಕರಿಂದ ನೇರ ಒಂದಕ್ಕೆ ಹಾಕಲು ಹೋದರೆ ಗೇರ್ ಬೀಳದೆ ನ್ಯೂಟ್ರಲ್‌ನಲ್ಲೇ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದೇ ಲಿವರನ್ನು ನಿಧಾನಕ್ಕೆ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ, ಒದ್ದೆ ರಸ್ತೆಯಲ್ಲಂತೂ ಖಂಡಿತ. ಇಷ್ಟಕ್ಕೂ ನಿಲ್ಲದಿದ್ದರೆ ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ, ಧರೆಗೆ ಒರೆಸಿ ನಿಲ್ಲಿಸಿ. ಬಾಗಿಲು ನೆಗ್ಗಿದರೆ ನೆಗ್ಗಲಿ.

ಈ ದೋಷದ ಮೋಸ ಏನೆಂದರೆ, ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಮೊದಲಿನಂತೆ ಗಟ್ಟಿಯಾಗುತ್ತದೆ. ಹೆಬ್ರಿಯ ಗ್ಯಾರೇಜು ಮುಟ್ಟುವಷ್ಟರಲ್ಲಿ ಎಲ್ಲ ಸರಿ ಇರುತ್ತದೆ, ಮೆಕ್ಯಾನಿಕ್ ಒತ್ತಿ ನೋಡಿ ಏನೂ ತೊಂದರೆಯಿಲ್ಲ ಅನ್ನುತ್ತಾನೆ. ನಂಬಬೇಡಿ. ಒಮ್ಮೆ ಕುದಿದ ಬ್ರೇಕ್ ಆಯಿಲನ್ನು ಪೂರ್ತಿ ತೆಗೆದು ಹೊಸದು ಹಾಕಿಸಿ, ನಾಲ್ಕೂ ಚಕ್ರದಲ್ಲಿ ಏರ್ ಬ್ಲೀಡ್ ಮಾಡಿಸಿ, ಅಂದರೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಸಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ವಾಡಿಕೆ; ಮಲೆನಾಡಿನಲ್ಲೇ ಓಡುವ ಗಾಡಿಗೆ ಅದಕ್ಕಿಂತ ತಡ ಮಾಡಬಾರದು. ಹಾಕಿಸಿದ ತಿಂಗಳು, ವರ್ಷವನ್ನು ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಟೇಪ್ ಅಂಟಿಸಿ ಬರೆದಿಡಿ, ಇಲ್ಲದಿದ್ದರೆ ಮರೆಯುತ್ತದೆ.

ಗಾಡಿ ತಣ್ಣಗಿರುವಾಗಲೂ ಪೆಡಲ್ ಒತ್ತಿ ಹಿಡಿದರೆ ನಿಧಾನವಾಗಿ ನೆಲ ಮುಟ್ಟುತ್ತದೆಯೇ? ಅದು ಕುದಿತವಲ್ಲ. ಒಂದೋ ಆಯಿಲ್ ಸೋರುತ್ತಿದೆ, ಇಲ್ಲವೇ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ. ಡಬ್ಬಿಯ ಮಟ್ಟ ನೋಡಿ, ಚಕ್ರಗಳ ಒಳಮೈ ಒದ್ದೆಯಾಗಿದೆಯೇ ನೋಡಿ. ಕಾರಣ ಎರಡರಲ್ಲಿ ಯಾವುದೇ ಇರಲಿ, ಅಲ್ಲಿಂದ ಒಂದು ಮೀಟರ್ ಕೂಡ ಇಳಿಯಬೇಡಿ. ಟೋ ಮಾಡಿಸುವುದೇ ದಾರಿ.

*ಪೆಡಲ್ ಗಟ್ಟಿಯಿದೆ, ಒತ್ತಿದಷ್ಟೂ ಗಾಡಿ ಜಾರುತ್ತದೆ.* ಇಲ್ಲಿ ಆಯಿಲ್ ಸರಿಯಿದೆ, ಪ್ಯಾಡ್ ಅಥವಾ ಲೈನರ್ ಅತಿಯಾಗಿ ಕಾದು ಹಿಡಿತ ಬಿಟ್ಟಿದೆ. ಚಕ್ರದಿಂದ ಕಟು ವಾಸನೆ, ಕೆಲವೊಮ್ಮೆ ತೆಳುವಾದ ಹೊಗೆ. ನಿಲ್ಲಿಸಿ ಕನಿಷ್ಠ ಅರ್ಧ ಗಂಟೆ ತಣಿಯಲು ಬಿಡಿ. ತಣಿದ ಮೇಲೆ ಹಿಡಿತ ಬಹುಪಾಲು ಮರಳುತ್ತದೆ. ಮರಳದಿದ್ದರೆ ಪ್ಯಾಡಿನ ಮೈ ಗಾಜಿನಂತೆ ಹೊಳಪು ಹಿಡಿದಿರುತ್ತದೆ, ಬದಲಾಯಿಸುವುದೊಂದೇ ಉಪಾಯ. ಪ್ಯಾಡ್ 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಹೊರಡುವ ಮೊದಲೇ ಹೊಸದು ಹಾಕಿಸಿ. ತೆಳು ಪ್ಯಾಡ್ ಬಿಸಿಯನ್ನು ತಡೆಯದೆ ಹಿಂದಿರುವ ಆಯಿಲಿಗೇ ದಾಟಿಸುತ್ತದೆ. ಆಗ ಎರಡು ಕಾಯಿಲೆಯೂ ಒಟ್ಟಿಗೆ.

*ಮೊದಲ ಒತ್ತಿಗೇ ಪೆಡಲ್ ಕಲ್ಲು.* ಕಾಲಿನ ಒತ್ತನ್ನು ಹೆಚ್ಚಿಸಿ ಕೊಡುವ ವ್ಯಾಕ್ಯೂಮ್ ಬೂಸ್ಟರಿಗೆ ಇಂಜಿನ್ನಿನ ಸೆಳೆತ ಸಿಗುತ್ತಿಲ್ಲ. ಹೆಚ್ಚಿನ ಸಲ ಕಾರಣ ಸರಳ: ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದ್ದಾರೆ, ಅಥವಾ ಆಫ್ ಆದದ್ದು ಗೊತ್ತೇ ಆಗಿಲ್ಲ. ಬೂಸ್ಟರಿನಲ್ಲಿ ಉಳಿದ ಸೆಳೆತ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ. ಮನೆಯಲ್ಲೇ ಹೀಗೆ ಪರೀಕ್ಷಿಸಿ: ಇಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ ಗಟ್ಟಿ ಮಾಡಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಕಾಲ ಕೆಳಗೆ ಪೆಡಲ್ ತುಸು ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ಹೋಗುವ ಪೈಪು ಬಿರುಕು ಬಿಟ್ಟಿದೆಯೇ ನೋಡಿಸಿ.

ಒಂದೇ ಚಕ್ರ ಕಾದು ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್. ಡಿಸ್ಕ್ ಮುಟ್ಟಬೇಡಿ, ಕೈಬೆನ್ನನ್ನು ರಿಮ್ಮಿನಿಂದ ನಾಲ್ಕು ಬೆರಳು ದೂರ ಹಿಡಿದು ನಾಲ್ಕೂ ಚಕ್ರ ಹೋಲಿಸಿ. ಹೆಚ್ಚು ಕಾದದ್ದು ತಾನಾಗಿ ಹೇಳುತ್ತದೆ.

ತಣಿಸಲು ನಿಲ್ಲಿಸುವ ಕ್ರಮವೂ ಮುಖ್ಯ. ತಿರುವಿನಲ್ಲಿ ಬೇಡ, ಎರಡೂ ಕಡೆಯಿಂದ ಕಾಣುವ ನೇರ ಜಾಗದಲ್ಲಿ. ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತಣಿಯುವಾಗ ಕಚ್ಚಿ ಹಿಡಿಯಬಹುದು, ಅದಕ್ಕೆ ಇಂಜಿನ್ ಆಫ್ ಮಾಡಿ ಗೇರಿನಲ್ಲಿ ಬಿಡಿ: ಮುಖ ಇಳಿಜಾರಿಗಿದ್ದರೆ ರಿವರ್ಸ್, ಏರಿಗಿದ್ದರೆ ಫಸ್ಟ್. ಚಕ್ರಕ್ಕೆ ಕಲ್ಲು ಕೊಡಿ. ನೀರು ಹಾಕಬೇಡಿ, ಕಾದ ಡಿಸ್ಕ್ ಒಮ್ಮೆಲೇ ತಣಿದರೆ ಸೊಟ್ಟಗಾಗುತ್ತದೆ, ಆಮೇಲೆ ಪ್ರತಿ ಬ್ರೇಕಿಗೂ ಸ್ಟೀರಿಂಗ್ ನಡುಗುತ್ತದೆ. ಹೊರಡುವಾಗ ಆ ಕಲ್ಲನ್ನು ಎತ್ತಿ ಬದಿಗೆ ಹಾಕಿ. ಕಲ್ಲು ಕೊಟ್ಟವರು ಹೊರಟು ಹೋಗುತ್ತಾರೆ, ರಾತ್ರಿ ಮಂಜಿನಲ್ಲಿ ಬರುವ ಬೈಕಿನವನು ಅದಕ್ಕೆ ಬಲಿ.

ಇದೆಲ್ಲ ಬಾರದಂತೆ ಇಳಿಯುವ ವಿಧಾನ ಹಳೆಯದೇ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಗುಂಬೆಯಲ್ಲಿ ಕಾರಿಗೆ ಎರಡು, ತಿರುವಿನ ಒಳಮಗ್ಗುಲಲ್ಲಿ ಒಂದು. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿಯುವವರ ಬ್ರೇಕೇ ಕಾಯುವುದು. ಏರುವ ಗಾಡಿಗೆ ದಾರಿ ಬಿಡಿ.

ಸ್ಕೂಟರ್ ಮತ್ತು ಎಲೆಕ್ಟ್ರಿಕ್ ಕಾರಿನ ಬೇರೆಯೇ ಕಥೆ

ಗೇರಿಲ್ಲದ ಸ್ಕೂಟರಿನಲ್ಲಿ ಇಂಜಿನ್ ಬ್ರೇಕ್ ಇಲ್ಲವೆಂದಲ್ಲ, ವೇಗ ತೀರ ಕಡಿಮೆಯಾದಾಗ ಕೈಬಿಡುತ್ತದೆ. ಥ್ರಾಟಲ್ ಮುಚ್ಚಿ ನಿಧಾನವಾದೊಡನೆ ಒಳಗಿನ ಸೆಂಟ್ರಿಫ್ಯೂಗಲ್ ಕ್ಲಚ್ ಬಿಟ್ಟುಕೊಳ್ಳುತ್ತದೆ, ಗಾಡಿ ತುಳಿಯದೆ ಬಿಟ್ಟ ಸೈಕಲ್ಲಿನಂತೆ ಉರುಳುತ್ತದೆ. ಲಕ್ಷಣ: ಇಂಜಿನ್ ಶಬ್ದ ಐಡಲ್‌ಗೆ ಬಿದ್ದಿದೆ, ವೇಗ ಮಾತ್ರ ಏರುತ್ತಿದೆ. ಉಪಾಯ: ಚಿಟಿಕೆಯಷ್ಟು ಥ್ರಾಟಲ್ ಕೊಟ್ಟು ಬಿಡಿ, ಕ್ಲಚ್ ಮತ್ತೆ ಕಚ್ಚಿ ಇಂಜಿನ್ ತಡೆಯುವುದು ಕೈಗೆ ತಿಳಿಯುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಕೊಡುವುದು ಹುಚ್ಚು ಅನ್ನಿಸಬಹುದು, ಆದರೆ ಇದೇ ಸರಿ. ಇಬ್ಬರು ಕೂತು, ಹಿಂದಿನ ಡ್ರಮ್ ಬ್ರೇಕೊಂದನ್ನೇ ಹಿಚುಕಿಕೊಂಡು ಇಳಿದರೆ ಲೈನರ್ ಕಾದು ಲಿವರ್ ಹ್ಯಾಂಡಲ್ಲಿಗೆ ತಾಗುತ್ತದೆ. ಮುಂದಿನ, ಹಿಂದಿನ ಬ್ರೇಕ್ ಎರಡನ್ನೂ ಬಿಟ್ಟು ಬಿಟ್ಟು ಹಿಡಿಯಿರಿ, ನಾಲ್ಕೈದು ತಿರುವಿಗೊಮ್ಮೆ ಹತ್ತು ನಿಮಿಷ ನಿಲ್ಲಿಸಿ.

ಎಲೆಕ್ಟ್ರಿಕ್ ಕಾರಿನವರು ದೂರುವುದು ಹೀಗೆ: ನಿನ್ನೆ ಕಾಲು ತೆಗೆದರೆ ನಿಲ್ಲುತ್ತಿದ್ದ ಕಾರು ಇವತ್ತು ಘಾಟಿಯಲ್ಲಿ ಓಡುತ್ತಲೇ ಇದೆ. ಕಾರಿಗೇನೂ ಆಗಿಲ್ಲ. ಮೇಲಿನ ಊರಿನಲ್ಲಿ ರಾತ್ರಿಯಿಡೀ ಶೇ. 100 ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯುತ್ತಿದ್ದೀರಿ, ಬ್ಯಾಟರಿಯಲ್ಲಿ ಜಾಗವಿಲ್ಲದ ಕಾರಣ ರೀಜೆನ್, ಅಂದರೆ ವೇಗ ತಗ್ಗಿಸುತ್ತ ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವ ವ್ಯವಸ್ಥೆ, ಕೆಲಸ ಮಾಡುತ್ತಿಲ್ಲ. ಮೇಲೆ ಹೇಳಿದ 500 ಮೀಟರ್ ಇಳಿತದ ಶಕ್ತಿ ಸುಮಾರು 2 ಯೂನಿಟ್ ಕರೆಂಟಿಗೆ ಸಮ. ಶೇ. 90ಕ್ಕೆ ಚಾರ್ಜ್ ನಿಲ್ಲಿಸಿ ಹೊರಟರೆ ಅದಕ್ಕೆ ಬೇಕಾದಷ್ಟು ಜಾಗ ಇರುತ್ತದೆ.

ಹತ್ತುವಾಗ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ

ಕ್ಲಚ್ ಪ್ಲೇಟ್ ಜಾರುತ್ತಿದೆ. ಸುಟ್ಟ ಹಗ್ಗದಂಥ ವಾಸನೆ ಒಳಗೇ ಬರುತ್ತದೆ. ಬಾಳೆಬರೆಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನಿಂತಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿ ತೂಗಿಸಿಕೊಂಡಿರುವುದೇ ಕಾರಣ. ಒಂದೆರಡು ನಿಮಿಷ ಸಾಕು, ಪ್ಲೇಟಿನ ಮೈ ಕರಕಲು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ತೆಗೆದು ಕಾಯಿರಿ. ಹೊರಡುವಾಗ ಫಸ್ಟ್ ಹಾಕಿ, ಕ್ಲಚ್ ಕಚ್ಚಿ ಬಾನೆಟ್ ತುಸು ಮೇಲೇಳುವ ಹೊತ್ತಿಗೆ ಹ್ಯಾಂಡ್‌ಬ್ರೇಕ್ ಬಿಡಿ.

ವಾಸನೆ ಬಂದ ಮೇಲೆ ಅರ್ಧ ಗಂಟೆ ನಿಲ್ಲಿಸಿ, ಸಮತಟ್ಟು ಜಾಗದಲ್ಲಿ ಒಂದೇ ಸಲ ಪರೀಕ್ಷಿಸಿ: ಮುಂದೆ ಯಾರೂ ಇಲ್ಲದ ಕಡೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಮೂರನೇ ಗೇರ್ ಹಾಕಿ, 1,500 ಆರ್‌ಪಿಎಂನಲ್ಲಿ ಕ್ಲಚ್ ಬಿಡಿ. ಇಂಜಿನ್ ತಕ್ಷಣ ಆಫ್ ಆದರೆ ಪ್ಲೇಟ್ ಇನ್ನೂ ಬದುಕಿದೆ. ಆಫ್ ಆಗದೆ ಗೊರಗೊರ ತಿರುಗುತ್ತಲೇ ಇದ್ದರೆ ಮುಗಿಯಿತು. ಪ್ರಯಾಣ ಅಲ್ಲಿಗೇ ನಿಲ್ಲಿಸುವುದು ಲೇಸು. ಪದೇ ಪದೇ ಈ ಪರೀಕ್ಷೆ ಮಾಡಿದರೆ ಅದೂ ಪ್ಲೇಟನ್ನು ತಿನ್ನುತ್ತದೆ.

ಎಎಂಟಿ, ಅಂದರೆ ಕ್ಲಚ್ ಪೆಡಲಿಲ್ಲದೆ ತಾನೇ ಗೇರ್ ಬದಲಿಸುವ ಕಾರಿನವರಿಗೆ ಒಂದು ಮಾತು. ನಿಮ್ಮ ಗಾಡಿಯಲ್ಲೂ ಕ್ಲಚ್ ಪ್ಲೇಟ್ ಇದೆ, ಒತ್ತುವ ಕೆಲಸ ಮಾತ್ರ ಯಂತ್ರದ್ದು. ಏರಿನಲ್ಲಿ ಆಕ್ಸಿಲರೇಟರಿನಿಂದಲೇ ಗಾಡಿ ನಿಲ್ಲಿಸಿಕೊಳ್ಳುವುದು ಅರ್ಧ ಕ್ಲಚ್ಚೇ. ಬ್ರೇಕಿನಿಂದ ನಿಲ್ಲಿಸಿ. ಏರಿನಲ್ಲೂ ಇಳಿಜಾರಿನಲ್ಲೂ ಮ್ಯಾನುಯಲ್ ಮೋಡಿಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ತಿರುವಿನ ನಟ್ಟನಡುವೆ ಅದು ಗೇರ್ ಬದಲಿಸುತ್ತ ಒದ್ದಾಡುತ್ತದೆ.

ಟೆಂಪರೇಚರ್ ಮುಳ್ಳು ಮೇಲೆ

ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ, ದೀಪ ಮಾತ್ರ. ನೀಲಿ ಅಂದರೆ ಇನ್ನೂ ತಣ್ಣಗಿದೆ, ಕೆಂಪು ಅಂದರೆ ಆಗಲೇ ತಡವಾಗಿದೆ. ಕೆಂಪು ಕಂಡರೆ ನಿಲ್ಲಿಸಿ, ಆಫ್ ಮಾಡಿ. ಮುಳ್ಳಿದ್ದವರಿಗೆ ಒಂದು ಅವಕಾಶ ಹೆಚ್ಚು: ಅರ್ಧ ದಾಟಿ ಏರತೊಡಗಿದಾಗಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ವೇಗಕ್ಕೆ ಇಟ್ಟು ಕಿಟಕಿ ಇಳಿಸಿ. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರೇ. ಕೂತವರು ಬೆವರುತ್ತಾರೆ, ಇಂಜಿನ್ ಉಳಿಯುತ್ತದೆ.

ಆಗ ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದೆಯೇ? ಮುಳ್ಳು ಮೇಲಿದ್ದೂ ಹೀಟರ್ ತಣ್ಣಗಿದ್ದರೆ ಕೂಲೆಂಟ್ ಅಲ್ಲಿಗೆ ತಲುಪುತ್ತಿಲ್ಲ. ಒಂದೋ ಖಾಲಿಯಾಗಿದೆ, ಇಲ್ಲ ವಾಟರ್ ಪಂಪ್ ಹೋಗಿದೆ. ಎರಡರಲ್ಲೂ ತಕ್ಷಣ ಆಫ್.

ನಿಂತಾಗ ಏರಿ, ಓಡುವಾಗ ಇಳಿದರೆ ಫ್ಯಾನ್ ದೋಷ. ಎಸಿ ಹಾಕಿ ನೋಡಿ; ಬಹುತೇಕ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕೂಡಲೇ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ಆಮೇಲೆ ರಿಲೇ, ಆಮೇಲೆ ಮೋಟರ್, ಇದೇ ಕ್ರಮದಲ್ಲಿ. ಇದಕ್ಕೆ ತದ್ವಿರುದ್ಧವಾಗಿ ಹತ್ತುವಾಗ ಏರಿ, ನಿಂತು ಐಡಲ್‌ನಲ್ಲಿಟ್ಟರೆ ಇಳಿಯುವುದಾದರೆ ರೇಡಿಯೇಟರ್ ಕಟ್ಟಿದೆ, ಕೂಲೆಂಟ್ ಕಡಿಮೆಯಿದೆ ಅಥವಾ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಗ್ರಿಲ್ಲಿನೊಳಗೆ ಟಾರ್ಚ್ ಬಿಟ್ಟು ನೋಡಿ: ಕೆಂಪು ಕೆಸರು, ತರಗೆಲೆ, ಹುಳು ಮೆತ್ತಿಕೊಂಡಿದ್ದರೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ತಣಿದ ಮೇಲೆ.

ಮುಚ್ಚಳದ ವಿಷಯ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಕಾದು ಕೂತಿರುತ್ತದೆ. ಮುಚ್ಚಳ ಸಡಿಲಿಸಿದರೆ ಒತ್ತಡ ಬಿದ್ದು, ಆ ಕ್ಷಣವೇ ಕುದಿದು ಕೈ ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ರಬ್ಬರ್ ಹೋಸ್ ಹಿಚುಕಿದಾಗ ಮೆತ್ತಗಿರಬೇಕು. ಗಟ್ಟಿಯಿದ್ದರೆ ಇನ್ನೂ ಒತ್ತಡವಿದೆ ಎಂದೇ ಅರ್ಥ. ದಪ್ಪ ಬಟ್ಟೆ ಹಾಕಿ ಕಾಲು ಸುತ್ತು ತಿರುಗಿಸಿ, ಸುಯ್ ಅನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಕೂಲೆಂಟ್ ಇಲ್ಲದಿದ್ದರೆ ಕುಡಿಯುವ ನೀರೇ ಸಾಕು. ತುಂಬಿಸಿದ ನೀರು ಹತ್ತು ಕಿಲೋಮೀಟರಿನಲ್ಲಿ ಮತ್ತೆ ಮಾಯವಾದರೆ, ಸೈಲೆನ್ಸರಿನಿಂದ ಬಿಳಿ ಆವಿ ನಿಲ್ಲದೆ ಬಂದರೆ, ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಇಂಜಿನ್ನಿನ ತಲೆಭಾಗದ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಿದೆ. ಮುಂದೆ ಓಡಿಸಬೇಡಿ.

ವಾಸನೆ ಸಿಹಿಯಾಗಿದ್ದರೆ ಕೂಲೆಂಟ್ ಸೋರಿಕೆ. ಪ್ಲಾಸ್ಟಿಕ್ ಕರಗಿದಂತಿದ್ದರೆ ವೈರು: ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ, 10 ನಂಬರಿನ ಪಾನಾ ಸಾಮಾನ್ಯವಾಗಿ ಕೂರುತ್ತದೆ.

ಮಳೆ, ಮಂಜು, ಗಾಜು

ಗಾಜು ಮಬ್ಬಾದಾಗ ಒಳಗಡೆ ಬೆರಳಿನಿಂದ ಗೆರೆ ಎಳೆದು ನೋಡಿ, ಗೆರೆ ಮೂಡಿದರೆ ಮಬ್ಬು ಒಳಗಿದೆ. ಒಳಗಿನ ಮಬ್ಬಾದರೆ ಎಸಿ ಹಾಕಿ, ಗಾಳಿ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಇಡಿ. ಎಸಿ ಇಲ್ಲಿ ಬೇಕಾಗಿರುವುದು ತಂಪಿಗಲ್ಲ, ತೇವ ತೆಗೆಯಲಿಕ್ಕೆ. ಮಬ್ಬು ಹೊರಗಿದ್ದರೆ ಇದೇ ಉಪಾಯ ಕೇಡು: ಗಾಜು ಇನ್ನಷ್ಟು ತಣಿದು ಹೊರಗಿನ ತೇವ ಮತ್ತೂ ಕೂರುತ್ತದೆ. ವೈಪರ್ ಹಾಕಿ, ಒಳಗಿನ ಗಾಳಿಯನ್ನು ತುಸು ಬಿಸಿ ಮಾಡಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದಂತಾಗುತ್ತದೆ, ಡಿಮ್‌ನಲ್ಲೇ ಹೋಗಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಚಾಳಿ ಬಿಡಿ; ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ಹಿಂದಿನವನಿಗೆ ತಿಳಿಯುವುದಿಲ್ಲ, ತಿರುಗುವುದಂತೂ ತಿಳಿಯುವುದೇ ಇಲ್ಲ.

ಹರಿವ ನೀರು ದಾಟುವಾಗ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು. ಸಿಲಿಂಡರಿನಲ್ಲಿ ನೀರಿದ್ದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ತಳ್ಳಿ ಹೊರತನ್ನಿ, ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ಫಿಲ್ಟರ್ ಒದ್ದೆಯಿದ್ದರೆ ಮುಂದಿನದು ಗ್ಯಾರೇಜಿನ ಕೆಲಸ. ಮಳೆಗಾಲದಲ್ಲಿ ಧರೆ ಕುಸಿದು ಘಾಟಿ ರಸ್ತೆ ಮುಚ್ಚುವುದುಂಟು, ಹಿಂದಿನ ದಿನವೇ ವಿಚಾರಿಸಿ ಹೊರಡಿ. ಮ್ಯಾಪನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ, ಕಾಡಿನಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ಹೋಂಸ್ಟೇಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ

ಕೀ ತಿರುಗಿಸಿದಾಗ ಟಕ್ ಟಕ್ ಅಂದರೆ ಬ್ಯಾಟರಿ. ಮಲ್ಟಿಮೀಟರ್ ಇದ್ದರೆ ಅಳೆಯಿರಿ: 12.6 ವೋಲ್ಟ್ ಪೂರ್ಣ, 12.2 ಅರ್ಧ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯಸ್ಸು ತೀರಿದೆ. ಟರ್ಮಿನಲ್ಲಿನ ಹಸಿರು ಬೂಷ್ಟಿಗೆ ಬಿಸಿನೀರು ಸಾಕು.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ, ಅಥವಾ ಹತ್ತಿ ಒಂದು ಸಿಲಿಂಡರ್ ಬಿಟ್ಟು ನಡುಗುತ್ತ ಚೆಕ್ ಇಂಜಿನ್ ದೀಪ ಉರಿದರೆ, ಬಾನೆಟ್ ಎತ್ತಿ ಇಲಿಯನ್ನು ಹುಡುಕಿ. ತಮಾಷೆಯಲ್ಲ. ತೋಟದ ಮನೆಯಂಗಳದಲ್ಲಿ ನಿಲ್ಲಿಸಿದ ಗಾಡಿಯ ಬೆಚ್ಚನೆಯ ಇಂಜಿನ್ ಇಲಿಗೆ ಸುಖದ ಹಾಸಿಗೆ. ಅಡಿಕೆ ಸಿಪ್ಪೆ, ಹಿಕ್ಕೆ, ಕಿತ್ತ ಹತ್ತಿ ಕಂಡರೆ ಇಂಜೆಕ್ಟರ್ ಮತ್ತು ಇಗ್ನಿಷನ್ ಕಾಯಿಲ್‌ನ ವೈರುಗಳನ್ನು ಬೆರಳಿನಲ್ಲಿ ಸವರಿಕೊಂಡು ಹೋಗಿ. ಕಡಿದ ಜಾಗದಲ್ಲಿ ತಾಮ್ರ ಹೊಳೆಯುತ್ತದೆ. ತುದಿ ಹೆರೆದು, ಅದೇ ಬಣ್ಣಕ್ಕೆ ಅದೇ ಬಣ್ಣ ತಿರುಚಿ, ಒಂದೊಂದಕ್ಕೂ ಬೇರೆ ಬೇರೆ ಇನ್ಸುಲೇಷನ್ ಟೇಪ್ ಸುತ್ತಿ. ಊರು ಮುಟ್ಟಲು ಇಷ್ಟು ಸಾಕು, ಆಮೇಲೆ ಬೆಸುಗೆ ಹಾಕಿಸಿ. ರಾತ್ರಿ ಬಾನೆಟ್ ಎತ್ತಿಟ್ಟರೆ ಒಳಗೆ ಕತ್ತಲೂ ಬೆಚ್ಚಗೂ ಇಲ್ಲದೆ ಇಲಿ ಬರುವುದು ಕಡಿಮೆ.

ಇಳಿಜಾರಿನಲ್ಲಿ ಪಂಚರ್

ಇಳಿಜಾರಿನಲ್ಲಿ ಜಾಕಿ ಹಾಕಬೇಡಿ. ಗಾಳಿಯಿಲ್ಲದ ಟಯರಿನಲ್ಲೇ ನಡಿಗೆಯ ವೇಗದಲ್ಲಿ ಸಮತಟ್ಟು ಜಾಗಕ್ಕೆ ಹೋಗಿ; ಟಯರ್ ಹಾಳಾದರೂ ಸರಿ, ಜಾಕಿ ಜಾರಿ ಗಾಡಿ ಮೈಮೇಲೆ ಬರುವುದು ಬೇಡ. ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ನೆಲ ಮೆತ್ತಗಿದ್ದರೆ ಜಾಕಿಯ ಕೆಳಗೆ ಹಲಗೆ. ಬಿಗಿಯುವಾಗ ಒಂದರ ಪಕ್ಕದ್ದಲ್ಲ, ಎದುರಿನದು. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ರಸ್ತೆಯಂಚಿನ ಕಲ್ಲಿಗೆ ಉಜ್ಜಿ ಟಯರಿನ ಪಕ್ಕೆ ಸೀಳಿದ್ದರೆ ಟ್ಯೂಬ್‌ಲೆಸ್ ಬತ್ತಿ ನಿಲ್ಲುವುದಿಲ್ಲ. ಪಕ್ಕೆಗೆ ಬತ್ತಿ ಹಾಕಿಕೊಡುತ್ತೇನೆ ಅಂದರೂ ಬೇಡ ಅನ್ನಿ. ಸ್ಟೆಪ್ನಿ ಕಿರಿದಾದ ತಾತ್ಕಾಲಿಕ ಚಕ್ರವಾಗಿದ್ದರೆ 80 ಕಿಲೋಮೀಟರ್ ವೇಗ ಮೀರಬಾರದು, ಘಾಟಿ ಇಳಿಯುವುದಿದ್ದರೆ ಅದನ್ನು ಮುಂದಿನ ಚಕ್ರಕ್ಕೆ ಹಾಕಬಾರದು: ಹಿಂದಿನ ಒಳ್ಳೆಯ ಚಕ್ರ ಮುಂದಕ್ಕೆ ತಂದು, ಸ್ಟೆಪ್ನಿಯನ್ನು ಹಿಂದೆ ಹಾಕಿ. ಎರಡು ಸಲ ಜಾಕಿ ಹಾಕಬೇಕು, ಹಾಕಿ. ಮಳೆಗಾಲವಾದರೆ ಮೊಣಕಾಲೂರುವ ಮೊದಲು ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಸಾಕ್ಸಿಗೆ ಉಪ್ಪು ಉಜ್ಜಿ. ಎರಡು ಚಕ್ರ ಬದಲಿಸುವ ಹೊತ್ತಿಗೆ ಇಂಬಳಗಳು (ಜಿಗಣೆಗಳು) ಬೇಕಾದಷ್ಟು ದೂರದಿಂದ ಬಂದು ಸೇರಿರುತ್ತವೆ.